ಗೋಡೆಯಿಂದ ಒಂದು ಬೆರಳು

ಏಪ್ರಿಲ್ 9, ಬುಧವಾರ

ನಿದ್ದೆ ಹತ್ತುತ್ತಿಲ್ಲ. ಬರೆಯೋಣವೆಂದರೆ ಬೆರಳ ತುಂಬ ಗಮ್ಮು ಮೆತ್ತಿದೆ. ಅದಕ್ಕೇ ಮೊಬೈಲಿಗೆ ಹೇಳುತ್ತಿದ್ದೇನೆ. ಇದು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ, ತಿರುಗಿ ಬಯ್ಯುವುದಿಲ್ಲ. ಅಷ್ಟು ಒಳ್ಳೆಯ ಜೊತೆ ನನಗೆ ಬೇರೆ ಯಾರೂ ಸಿಕ್ಕಿಲ್ಲ.

ಚಿಂತಾಮಣಿಗೆ ಬಂದು ಎರಡು ದಿನ. ಮೂರು ವರ್ಷದಲ್ಲಿ ಇದು ಒಂಬತ್ತನೇ ಊರು. ಹೊಸೂರು, ಪುಣೆ, ಸೂರತ್, ಗೋವಾ, ಎಲ್ಲೂ ನಾಲ್ಕು ತಿಂಗಳು ದಾಟಿಲ್ಲ. ಮರದ ನೆಲ ಹಾಸುವುದು ನನ್ನ ಕೆಲಸ. ಹಾಸುವುದು, ಫೋಟೋ ತೆಗೆಯುವುದು, ಬಸ್ಸು ಹತ್ತುವುದು. ಹಾಸಿದ ನೆಲ ಆಮೇಲೆ ಹೇಗಿದೆ ಎಂದು ಒಂದು ಸಲವೂ ತಿರುಗಿ ನೋಡಿದವನಲ್ಲ. ಇಲ್ಲಿನ ಕೆಲಸ ನಾಲ್ಕೇ ದಿನದ್ದು ಎಂದು ನಮ್ಮ ಕಾಂಟ್ರಾಕ್ಟರ್ ಮುರಳಿಮೋಹನ್ ಸಾರ್ ಹೇಳಿ ಕಳಿಸಿದ್ದಾರೆ. ಇದಾದ ಮೇಲೆ ದೋಹಾ. ಪಾಸ್‌ಪೋರ್ಟ್ ಬ್ಯಾಗಿನಲ್ಲೇ ಇದೆ.

ಶೋಭಾರಾಣಿ ಮೇಡಂ ಅವರ ಭರತನಾಟ್ಯದ ಶಾಲೆ ಇದು. ಕಲ್ಲು ನೆಲದ ಮೇಲೆ ಮೂವತ್ತು ವರ್ಷ ಹೆಜ್ಜೆ ಹಾಕಿ ಅವರ ಎಡ ಮಂಡಿ ಸವೆದು ಹೋಗಿದೆಯಂತೆ. ಮಕ್ಕಳಿಗೂ ಹಾಗಾಗಬಾರದೆಂದು ಹೊಸ ಹಾಲಿಗೆ ತೇಗದ ಹಲಗೆ ಹಾಸಿಸಿದ್ದಾರೆ. ಪಾಲಿಷ್ ಹೊಡೆಸಿಲ್ಲ, ಕಾಲು ಜಾರುತ್ತದೆಂದು ಬರಿಯ ಮರವನ್ನೇ ಬಿಟ್ಟುಕೊಂಡಿದ್ದಾರೆ. ಜನವರಿಯಲ್ಲಿ ಹಾಸಿದ್ದು ನಾನಲ್ಲ, ನಮ್ಮ ಕಂಪನಿಯ ಬೇರೆ ಹುಡುಗರು. ಈಗ ಬಿಸಿಲಿಗೆ ಹಲಗೆಗಳು ಒಣಗಿ ಕುಗ್ಗಿ, ಒಂದಕ್ಕೊಂದು ಸಂದು ಬಿಟ್ಟುಕೊಂಡಿವೆ. ಹರಿತಾ ಅನ್ನುವ ವಿದ್ಯಾರ್ಥಿನಿಯ ಕಿರುಬೆರಳು ಅದರಲ್ಲಿ ಸಿಕ್ಕಿ ಚರ್ಮ ಕಿತ್ತು ಬಂದಿದೆ.

ಕಟ್ಟಡ ಮೇಡಂ ಅವರ ಅಣ್ಣ ಹನುಮಂತರಾಯಪ್ಪನವರದು. ಅವರ ವ್ಯಾಪಾರ ಗ್ರಾನೈಟು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹುಡುಗರನ್ನು ಕರೆಯುವ ತೆಲುಗಿನಲ್ಲಿ ಶುರು ಮಾಡಿದರು.

"ಏಮಿ ಅಬ್ಬಾಯಿ, ಎತ್ತ ತಿರುಗಿದ್ರೂ ಕಲ್ಲುಬೆಟ್ಟ ಕಾಣೋ ಸೀಮೇಲಿ ಮರ ತಂದು ಹಾಸ್ತೀರಲ್ಲ, ನಿಮ್ಗೇನ್ ಹೇಳ್ಬೇಕು? ಗ್ರಾನೈಟ್ ಹಾಕಿದ್ರೆ ನನ್ ಮರಿಮಗನ ಕಾಲಕ್ಕೂ ಕದಲಲ್ಲ."

"ಕದಲಲ್ಲ ಅಂತ್ಲೇ ಅಣ್ಣಾ ನಾನು ಬೇಡ ಅಂದಿದ್ದು," ಎಂದರು ಮೇಡಂ. "ಕಾಲು ಹೊಡೆದ್ರೆ ಅದೂ ಒಂಚೂರು ಬಗ್ಗಬೇಕು."

ಏಪ್ರಿಲ್ 12, ಶನಿವಾರ

ಮುಗಿಯಿತು. ಸಂದುಗಳಿಗೆಲ್ಲ ತೇಗದ ಸಣ್ಣ ಪಟ್ಟಿ ಸೀಳಿ, ಗಮ್ಮು ಹಚ್ಚಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಈಗ ಕೂದಲೂ ಹೋಗುವುದಿಲ್ಲ.

ಗೋಡೆಯ ಸುತ್ತ ಮಾತ್ರ ಒಂದು ತಕರಾರು ಬಂತು. ಮೊದಲು ಹಾಸಿದ ಹುಡುಗರು ನಾಲ್ಕೂ ಗೋಡೆಗೆ ಒಂದು ಬೆರಳು ಜಾಗ ಬಿಟ್ಟು, ಅದು ಕಾಣದಂತೆ ಮೇಲೆ ಬೀಡಿಂಗ್ ಪಟ್ಟಿ ಹೊಡೆದಿದ್ದರು. ಹನುಮಂತರಾಯಪ್ಪನವರು ಒಂದು ಕಡೆ ಪಟ್ಟಿ ಎಬ್ಬಿಸಿ ನೋಡಿದರು. ಒಳಗಿಂದ ಚೇಳು ಬಂತು.

"ನೋಡು, ನಮ್ ತಂಗಿ ಚೇಳಿಗೆ ಮನೆ ಕಟ್ಟಿಸ್ಕೊಟ್ಟವಳೆ. ಮುಚ್ಚಪ್ಪಾ ಇದನ್ನ."

ಆ ಜಾಗ ಬಿಡಬೇಕೆಂದು ಪುಣೆಯ ಮೇಸ್ತ್ರಿ ಹೇಳಿದ್ದು ನೆನಪಿತ್ತು. ಯಾಕೆ ಬಿಡಬೇಕು ಎಂದು ಆಗ ನಾನು ಕೇಳಿರಲಿಲ್ಲ. ಚೇಳು ಕಣ್ಣೆದುರಿಗಿತ್ತು, ಮೇಸ್ತ್ರಿ ಪುಣೆಯಲ್ಲಿದ್ದ. ನಾಲ್ಕೂ ಬದಿಗೆ ಮರ ತುರುಕಿ, ಗಾರೆ ಮೆತ್ತಿ ಮುಚ್ಚಿದೆ. ಹನುಮಂತರಾಯಪ್ಪನವರು ಮೊದಲ ಸಲ "ಪರವಾಗಿಲ್ಲ" ಎಂದರು.

ಮೇಡಂ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿದರು. ನೆಲ ಒಳಗಿಂದ ಮದ್ದಲೆಯ ಹಾಗೆ ಮಾತಾಡಿತು. ಫೋಟೋ ತೆಗೆದು ಮುರಳಿ ಸಾರ್‌ಗೆ ಕಳಿಸಿದೆ. ಬೆಳಿಗ್ಗೆ ಬಸ್ಸು.

ಜೂನ್ 24, ಮಂಗಳವಾರ

ದೋಹಾ ಇನ್ನೂ ಆಗಿಲ್ಲ. ಎರಡು ತಿಂಗಳಿಂದ ಗೌರಿಬಿದನೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಗೋಡೆಗೆ ಮರ ಹೊಡೆಯುತ್ತಿದ್ದೆ. ನಿನ್ನೆ ಮುರಳಿ ಸಾರ್ ಫೋನು: "ಚಿಂತಾಮಣಿ ನೆಲ ಎದ್ದಿದೆಯಂತೆ. ಮಾಡಿದೋನು ನೀನು, ಹೋಗು."

ಎದ್ದಿದೆ ಎಂದರೆ ಎಷ್ಟು ಎದ್ದಿರಬಹುದು ಎಂದುಕೊಂಡೇ ಬಂದೆ. ಬಾಗಿಲು ತೆಗೆದರೆ, ಹಾಲಿನ ನಟ್ಟನಡುವೆ ಎಮ್ಮೆಯೊಂದು ಮಲಗಿ ಯಾರೋ ಅದರ ಮೇಲೆ ಚಾಪೆ ಹೊದಿಸಿದ ಹಾಗಿದೆ. ಹದಿನೈದು ದಿನದಿಂದ ಇಲ್ಲಿ ಸೋನೆ. ಕಿಟಕಿಗಳೆಲ್ಲ ಮುಚ್ಚಿ, ಒಳಗೆ ನಲವತ್ತು ಹುಡುಗಿಯರು ಬೆವರು ಸುರಿಸಿ ಕುಣಿದಿದ್ದಾರೆ. ಸಾಲದ್ದಕ್ಕೆ ಕೆಲಸದ ಅಮ್ಮಾಜಮ್ಮ ದಿನಾ ಬೆಳಿಗ್ಗೆ ಬಕೆಟ್ಟು ನೀರು ಹಾಕಿ ಒರೆಸಿದ್ದಾಳೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿದ್ದ ಮರ ತೇವ ಕುಡಿದು ಹಿಗ್ಗಿದೆ. ಹಿಗ್ಗಲು ಅಕ್ಕಪಕ್ಕ ಜಾಗ ಇಲ್ಲದೆ ಮೇಲಕ್ಕೆ ಎದ್ದಿದೆ.

ಜಾಗ ಯಾಕೆ ಇಲ್ಲ ಎನ್ನುವುದು ನನಗೆ ಬಾಗಿಲಲ್ಲಿ ನಿಂತಾಗಲೇ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಮೇಡಂ ಬಯ್ಯಲಿಲ್ಲ. ಕ್ಲಾಸನ್ನು ಅವರ ಮನೆಯ ತಾರಸಿಗೆ ಬದಲಾಯಿಸಿದ್ದಾರೆ. ಮಳೆ ಬಂದರೆ ಅದೂ ಇಲ್ಲ. ಬಯ್ಯುವ ಕೆಲಸವನ್ನು ಹನುಮಂತರಾಯಪ್ಪನವರು ಮಾಡಿದರು. ಕೊನೆಗೆ ಅಂದರು: "ಗೌರಿ ಹಬ್ಬದವರೆಗೂ ನೋಡ್ತೀನಿ. ಅಷ್ಟ್ರಲ್ಲಿ ಮಟ್ಟ ಆಗ್ಲಿಲ್ಲಾಂದ್ರೆ ಎರ್ರಪ್ಪನ್ನ ಕರೆಸಿ ಇದನ್ನ ಕಿತ್ತಾಕಿ ಗ್ರಾನೈಟ್ ಹಾಕಿಸ್ತೀನಿ. ಅಷ್ಟೇ."

"ಕಲ್ಲಾದ್ರೆ ನಾನು ಹೇಳ್ಕೊಡಲ್ಲ ಅಣ್ಣಾ," ಎಂದರು ಮೇಡಂ, ತರಕಾರಿ ಬೇಡ ಅನ್ನುವಷ್ಟು ಮೆಲ್ಲಗೆ. "ಇರೋದೊಂದು ಮಂಡಿ. ಕುರ್ಚಿ ಮೇಲೆ ಕೂತು ತಾಳ ಹಾಕೋ ಟೀಚರ್ ನಾನಲ್ಲ. ಶಾಲೆ ಮುಚ್ಚಿಬಿಡ್ತೀನಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಟೇಪು ಹುಡುಕುವ ನೆಪ ಮಾಡಿ ಹೊರಗೆ ಬಂದೆ.

ಜೂನ್ 26, ಗುರುವಾರ

ಉಜ್ಜುವ ಮೆಷಿನ್ ಬಂದಿಳಿಯಿತು. ಮುರಳಿ ಸಾರ್ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದರು. "ಉಬ್ಬಿರೋದನ್ನ ಉಜ್ಜಿ ಮಟ್ಟ ಮಾಡು. ಫೋಟೋ ಕಳ್ಸು. ಜುಲೈ ಹತ್ತಕ್ಕೆ ನಿನ್ನ ಫ್ಲೈಟು."

ಎರಡೇ ದಿನದ ಕೆಲಸ. ಸಂತೋಷವಾಗಿಯೇ ಪ್ಲಗ್ ಹಾಕಿದೆ. ಕರೆಂಟು ಹೋಯಿತು.

ಹೊತ್ತು ಹೋಗಲೆಂದು ಅಕ್ಕನಿಗೆ ಫೋನು ಮಾಡಿದೆ. ಜ್ಯೋತಿಲಕ್ಷ್ಮಿ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಶಿಡ್ಲಘಟ್ಟದ ಹತ್ತಿರ ನಮ್ಮೂರಲ್ಲಿ ರೇಷ್ಮೆ ಹುಳು ಸಾಕುವ ಮನೆಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಮೊದಲು ನಾನೂ ಇದ್ದೆ. ಫೋನಿನಲ್ಲಿ ದಡಬಡ ಸದ್ದು.

"ಏನೇ ಅದು?"

"ಹುಳು ಮನೆ ಬಾಗ್ಲು ಕಣೋ. ಮಳೆಗೆ ಉಬ್ಕೊಂಡದೆ. ಒದೀತಿದೀನಿ."

"ಹತ್ತರಿ ಹೊಡೆಸಿ ಸಣ್ಣ ಮಾಡ್ಸು."

"ಮಾಡಿಸಿದ್ವಲ್ಲ ಮಹಾರಾಯ, ನಿನ್ ಮಾತು ಕೇಳ್ಕಂಡು. ಮಳೇಲಿ ಕೆತ್ತಿಸಿದ್ದು ಬೇಸಿಗೇಲಿ ಸಂದು ಬಿಡ್ತು. ಅದ್ರಲ್ಲಿ ಹಲ್ಲಿ ನುಗ್ಗಿ ಅರ್ಧ ತಟ್ಟೆ ಹುಳ ತಿಂದೋಯ್ತು. ನೀನು ಅಷ್ಟೊತ್ಗೆ ಹೊಸೂರಲ್ಲಿದ್ದೆ, ನಿಂಗೇನ್ ಗೊತ್ತು. ಇದು ಹೊಸ ಬಾಗ್ಲು. ಇದನ್ನ ಒದೀತೀನಿ, ಕೆತ್ಸಲ್ಲ. ದೀಪಾವಳಿ ಕಳೆದ್ರೆ ತಾನೇ ಇಳೀತದೆ."

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಮೆಷಿನ್ ಗುಂಯ್ ಎಂದಿತು. ಉಬ್ಬಿಗೆ ತಾಗಿಸಬೇಕು, ಅಷ್ಟೇ. ಈಗ ಉಬ್ಬನ್ನು ಉಜ್ಜಿದರೆ ಈಗೇನೋ ಮಟ್ಟವಾಗಿ ಕಾಣುತ್ತದೆ. ಮಾಗಿಯಲ್ಲಿ ಮರ ಒಣಗಿ ಕೂತಾಗ ಉಜ್ಜಿದ ಜಾಗ ಗುಂಡಿಯಾಗುತ್ತದೆ. ಗುಂಡಿಗೆ ಮದ್ದಿಲ್ಲ. ಆಗ ನಾನು ದೋಹಾದಲ್ಲಿರುತ್ತೇನೆ, ನನಗೆ ಗೊತ್ತೂ ಆಗುವುದಿಲ್ಲ.

ಪ್ಲಗ್ ಕಿತ್ತೆ. ಯಾಕೆ ಕಿತ್ತೆ ಎಂದು ಈಗ ಯೋಚಿಸಿದರೆ ಸಿಟ್ಟು ಬರುತ್ತದೆ. ಎರಡೇ ದಿನದ ಕೆಲಸವಾಗಿತ್ತು.

ಜೂನ್ 27, ಶುಕ್ರವಾರ

ಮೇಡಂಗೆ ಹೇಳಿಬಿಟ್ಟೆ. ಗೋಡೆ ಪಕ್ಕದ ಜಾಗ ಮರ ಉಸಿರಾಡಲು ಬಿಟ್ಟದ್ದೆಂದೂ, ಅದನ್ನು ಮುಚ್ಚಿದವನು ನಾನೇ ಎಂದೂ.

"ಅಣ್ಣ ಹೇಳಿದ್ದಕ್ಕೆ ಮುಚ್ಚಿದ್ಯಲ್ಲಪ್ಪ."

"ಅವರಿಗೆ ಗೊತ್ತಿರಲಿಲ್ಲ ಮೇಡಂ. ನಂಗೆ ಗೊತ್ತಿರಬೇಕಿತ್ತು."

ಅವರು ಗೋಡೆಯ ಬುಡದ ಗಾರೆಯನ್ನು ಕಾಲಬೆರಳಲ್ಲಿ ತಟ್ಟಿ ನೋಡಿದರು. "ಈಗ ಗೊತ್ತಲ್ಲ. ಮಾಡು."

ಉಳಿ ಹಿಡಿದು ಗಾರೆ ಒಡೆದು, ತುರುಕಿದ ಮರ ಕೀಳುತ್ತ ಹೋದೆ. ಮೂರನೇ ಗೋಡೆ ಅರ್ಧ ಆಗಿತ್ತು. ಇಡೀ ಹಾಲು ಒಂದು ಸಲ ಟಪ್ಪೆಂದಿತು. ನಾನು ಹೆದರಿ ಹಿಂದೆ ಸರಿದೆ. ಹಲಗೆಗಳು ಗೋಡೆಯ ಕಡೆಗೆ ನೂಕಿಕೊಂಡು ಬಂದು ನಿಂತವು. ತುಂಬಿದ ಬಸ್ಸಿನಲ್ಲಿ ಒಬ್ಬರು ಇಳಿದ ಕೂಡಲೇ ಉಳಿದವರು ಹರಡಿಕೊಳ್ಳುವಂತೆ. ಎಮ್ಮೆ ಅರ್ಧ ಕುಗ್ಗಿ ಕರು ಆಯಿತು.

ಇನ್ನುಳಿದ ಉಬ್ಬು ಹಾಗೆ ಹೋಗುವುದಿಲ್ಲ. ಮರದೊಳಗಿನ ತೇವ ಇಳಿಯಬೇಕು, ಅದಕ್ಕೆ ದಿನ ಬೇಕು. ಇದನ್ನು ಹೇಳಿದಾಗ ಮುರಳಿ ಸಾರ್ ಫೋನಿನಲ್ಲಿ ಕೂಗಾಡಿದರು. ಜುಲೈ ಹತ್ತರ ಟಿಕೆಟ್ ಬೇರೆಯವನಿಗಂತೆ. ಆಗಸ್ಟ್ ಕೊನೆಗೆ ಇನ್ನೊಂದು ತಂಡ ಹೋಗುತ್ತದಂತೆ. ಸರಿ, ಅದರಲ್ಲಿ ಹೋಗುತ್ತೇನೆ.

ಜುಲೈ 3, ಗುರುವಾರ

ಊರಿಗೆ ಹೋಗಿ ಬಂದೆ. ಎರಡು ಯುಗಾದಿ ಆದಮೇಲೆ ಮೊದಲ ಸಲ. ಹೋದದ್ದು ಹುಳು ಮನೆಯ ಥರ್ಮಾಮೀಟರಿಗೆ. ಒಂದೇ ಮರದ ಪಟ್ಟಿಗೆ ಎರಡು ಕೊಳವೆ, ಒಂದಕ್ಕೆ ಒದ್ದೆ ಬತ್ತಿ, ಇನ್ನೊಂದು ಒಣ. ಎರಡರ ನಡುವೆ ಅಂತರ ಕಮ್ಮಿಯಾದಷ್ಟೂ ಗಾಳಿಯಲ್ಲಿ ತೇವ ಜಾಸ್ತಿ. ಅದನ್ನು ಎರಡು ಗಂಟೆಗೊಮ್ಮೆ ನೋಡಿ ಬರೆದಿಡುವುದು ಹತ್ತನೇ ಕ್ಲಾಸಿನಿಂದ ನನ್ನ ಪಾಲಿನ ಕೆಲಸ. ಹುಳುಗಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿದ್ದಾಗ ಆ ಕೆಲಸ ಬೇಸರವಾಗಿ ಬಿಟ್ಟುಹೋದವನು ನಾನು.

ಅಮ್ಮ ಸುಮ್ಮನೆ ಮುದ್ದೆ ಬಡಿಸಿದಳು. ಅಕ್ಕ ಸುಮ್ಮನಿರುವವಳಲ್ಲ.

"ಬಂದ್ಯಾ ಸ್ವಾಮಿ. ನಮ್ನ ನೋಡಕ್ಕೆ ಬಂದ್ಯೋ, ಆ ಗಾಜಿನ ಕೊಳವೆ ನೋಡಕ್ಕೋ?"

"ಎರಡೂ."

"ಸುಳ್ಳು ಹೇಳಕ್ಕೂ ಬರಲ್ಲ ನಿಂಗೆ." ಹಳೆಯದೊಂದನ್ನು ತೆಗೆದು ಬಟ್ಟೆಯಲ್ಲಿ ಸುತ್ತಿಕೊಟ್ಟಳು. "ಬತ್ತಿ ದಿನಾ ಒದ್ದೆ ಮಾಡು. ನಿನ್ನ ಮರ ಯಾವ ಜ್ವರದಲ್ಲದೆ?"

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದವರು ಮಗು ಎಂದುಕೊಂಡು ಜಾಗ ಬಿಟ್ಟರು.

ಜುಲೈ 6, ಭಾನುವಾರ

ಬೆಳಿಗ್ಗೆ ಏಳಕ್ಕೆ ಒಣದು ಇಪ್ಪತ್ತಾರು, ಒದ್ದೆದು ಇಪ್ಪತ್ನಾಲ್ಕು. ತೇವ ನೂರಕ್ಕೆ ಎಂಬತ್ತೈದು. ಸಾಯಂಕಾಲ ನಾಲ್ಕಕ್ಕೆ ಎಲ್ಲ ಕಿಟಕಿ ತೆಗೆದಾಗ ಇಪ್ಪತ್ತೆಂಟು, ಇಪ್ಪತ್ನಾಲ್ಕು. ತೇವ ಎಪ್ಪತ್ತೆರಡು.

ಮಳೆ ಇಲ್ಲದ ದಿನ ಶಾಲೆಯವರು ಬೆಳಗಿನ ತಂಪು ಗಾಳಿ ಬರಲೆಂದು ಬೆಳಿಗ್ಗೆ ಕಿಟಕಿ ತೆಗೆದು, ಮಧ್ಯಾಹ್ನ ಮುಚ್ಚುತ್ತಿದ್ದರು. ತಂಪು ಗಾಳಿಯಲ್ಲೇ ತೇವ ಇರುವುದು. ಇವತ್ತಿನಿಂದ ತಿರುಗಾಮುರುಗ: ಹನ್ನೆರಡಕ್ಕೆ ತೆಗೆಯುವುದು, ಐದಕ್ಕೆ ಮುಚ್ಚುವುದು, ಮೋಡ ಕಂಡರೆ ಆಗಲೇ ಮುಚ್ಚುವುದು. ಫ್ಯಾನು ಹಗಲೆಲ್ಲ.

ಅಮ್ಮಾಜಮ್ಮನ ಬಕೆಟ್ಟು ಕಿತ್ತಿಟ್ಟೆ.

"ನೀರಾಕ್ದೆ ನೆಲ ಒರ್ಸೋದು ಯಾವೂರ ಶಾಸ್ತ್ರನಪ್ಪಾ? ದೇವ್ರ ಮುಂದೆ ಕುಣಿಯೋ ಜಾಗ."

"ಒಣ ಬಟ್ಟೇಲಿ ಒರೆಸಮ್ಮ. ದೇವರಿಗೂ ಶೀತ ಆಗಲ್ಲ."

ಅವಳು ನಕ್ಕಳು. ಬಕೆಟ್ಟು ಮಾತ್ರ ಎಲ್ಲೋ ಬಚ್ಚಿಟ್ಟುಕೊಂಡಿದ್ದಾಳೆ. ಬೆಳಿಗ್ಗೆ ಅವಳ ಮೇಲೆ ಕಣ್ಣಿಡಬೇಕು.

ಅಳತೆಗೆ ಒಂದು ಉಪಾಯ ಮಾಡಿದ್ದೇನೆ. ಗಾರೆಯವರ ಉದ್ದನೆಯ ಮಟ್ಟಗೋಲನ್ನು ಉಬ್ಬಿನ ಮೇಲೆ ಅಡ್ಡ ಇಟ್ಟು, ಅದರ ತುದಿಗೂ ನೆಲಕ್ಕೂ ನಡುವೆ ಬೆಂಕಿಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸುವುದು. ಇವತ್ತು ಒಂಬತ್ತು ಕಡ್ಡಿ.

ಜುಲೈ 10, ಗುರುವಾರ

ಒಂಬತ್ತು.

ಜುಲೈ 14, ಸೋಮವಾರ

ಸುಣ್ಣ. ನಾನೇ ಹಾಕಿದ್ದು. ಇವತ್ತು ಇಷ್ಟೇ.

ಜುಲೈ 15, ಮಂಗಳವಾರ

ಹೇಳಿಬಿಡುತ್ತೇನೆ. ನಾಲ್ಕು ದಿನ ಬಿಡದೆ ಮಳೆ ಬಂತು. ಕಿಟಕಿ ತೆಗೆಯುವಂತಿಲ್ಲ, ತೇವ ಎಂಬತ್ತೆಂಟಕ್ಕೆ ಹೋಯಿತು, ಕಡ್ಡಿ ಹತ್ತಾಯಿತು. ಮಳೆಗಾಲದಲ್ಲಿ ಹುಳುವಿನ ಹಾಸು ಹಸಿಯಾದರೆ ನಮ್ಮಲ್ಲಿ ಮಾಡುವುದು ಒಂದೇ. ಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಹುಳುಗಳ ಮೇಲೆ ಹಿಮದ ಹಾಗೆ ಉದುರಿಸುವುದು. ತೇವವನ್ನೆಲ್ಲ ಸುಣ್ಣ ಎಳೆದುಕೊಳ್ಳುತ್ತದೆ. ಚಿಕ್ಕಂದಿನಿಂದ ಮಾಡಿದ ಕೈ, ಯೋಚನೆ ಮಾಡಲಿಲ್ಲ. ಭಾನುವಾರ ಸಾಯಂಕಾಲ ಎರಡು ಚೀಲ ಸುಣ್ಣ ತಂದು ಉಬ್ಬಿನ ಮೇಲೆಲ್ಲ ನೀಟಾಗಿ ಉದುರಿಸಿ ಮಲಗಿದೆ.

ಸೋಮವಾರ ಗುಡಿಸಿ ನೋಡಿದರೆ ತೇಗವೆಲ್ಲ ಕಪ್ಪು. ಬರಿಯ ಮರವನ್ನು ತೇವ ಕುಡಿದ ಸುಣ್ಣ ಸುಟ್ಟಿತ್ತು. ಹಾಲಿನ ನಡುವೆ ಬೆಂಕಿ ಬಿದ್ದ ಹಾಗಿದೆ.

ಅಕ್ಕ ಫೋನಿನಲ್ಲಿ ಮೊದಲು ನಕ್ಕಳು. ಆಮೇಲೆ ತಾನೇ ನಿಲ್ಲಿಸಿದಳು. "ಅದು ಮರ ಕಣೋ, ಹುಳ ಅಲ್ಲ. ಹೋಗ್ಲಿ ಬಿಡು. ಊಟ ಮಾಡ್ದ್ಯಾ?"

ಹನುಮಂತರಾಯಪ್ಪನವರು ಎರ್ರಪ್ಪನನ್ನು ಕರೆದುಕೊಂಡೇ ಬಂದರು. ಗ್ರಾನೈಟ್ ಹಾಸುವ ಮೇಸ್ತ್ರಿ, ಅರವತ್ತು ದಾಟಿದವನು. "ಹಬ್ಬಕ್ಕೇ ಕಾಯ್ಬೇಕಾ ಅಂತ ನೋಡ್ತಿದೀನಿ," ಎಂದು ಅಣ್ಣನವರು ಮೇಡಂ ಕಡೆಗೆ ತಿರುಗಿದರು. ಎರ್ರಪ್ಪ ಉದ್ದ ಅಗಲ ಅಳೆದ. ಮೇಡಂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಮಾತು ಕೊಟ್ಟಿದೀಯ ಅಣ್ಣಾ. ಹಬ್ಬದವರೆಗೂ ಇದು ನಂದು," ಎಂದರು.

ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಬ್ಯಾಗು ತುಂಬಿಕೊಂಡೇ ಕೂತಿದ್ದೆ, ಸುಳ್ಳೇಕೆ. ಎರ್ರಪ್ಪ ಹೋಗುತ್ತ ನನ್ನ ಪಕ್ಕ ನಿಂತ.

"ಏನಪ್ಪಾ, ಸುಣ್ಣ ಯಾರು ಹೇಳ್ಕೊಟ್ರು?"

"ನಮ್ದು ಹುಳು ಮನೆ."

"ಓ." ಬೀಡಿ ಹಚ್ಚಿದ. "ಸುಣ್ಣದಲ್ಲಿ ನಲವತ್ತು ವರ್ಷ ಕೈ ಸುಟ್ಕಂಡೋನು ನಾನು. ಸುಣ್ಣಕ್ಕೆ ಹುಳಿ ಶತ್ರು. ನಿಂಬೇಹಣ್ಣು ಹಿಂಡಿ ಉಜ್ಜು, ಆಗ್ಲೇ ಒಣ ಬಟ್ಟೇಲಿ ಒರಸ್ಬಿಡು. ಕಪ್ಪು ಎಷ್ಟೋ ಬಿಡ್ತದೆ. ಸುಣ್ಣ ಬೇಕೇ ಬೇಕೂಂದ್ರೆ ಸುಟ್ಟ ಸುಣ್ಣ ತಂದು ಬೋಗುಣೀಲಿಟ್ಟು ಮೂಲೇಲಿಡು. ಗಾಳಿ ತೇವ ಅದೇ ಕುಡೀತದೆ. ಮರದ್ ಮೈ ಮುಟ್ಟಿಸ್ಬೇಡ."

"ನೀನು ಕಲ್ಲು ಹಾಸೋಕೆ ಬಂದೋನಲ್ವಾ ತಾತ?"

"ನಂಗೆ ಕಲ್ಲು ಹಾಸೋಕೆ ಊರೆಲ್ಲ ನೆಲ ಅದೆ, ಬಿಡು."

ಜುಲೈ 20, ಭಾನುವಾರ

ಇವತ್ತು ಹಾಲಿನಲ್ಲಿ ಹದಿನೆಂಟು ಹುಡುಗಿಯರು, ಎರಡು ಬುಟ್ಟಿ ನಿಂಬೆಹಣ್ಣು. ಮೇಡಂ ಮಂಡಿ ಮಡಿಸಲಾಗದೆ ಸ್ಟೂಲಿನ ಮೇಲೆ ಕೂತು ಹಣ್ಣು ಕೊಯ್ದು ಕೊಟ್ಟರು. ಹುಡುಗಿಯರು ಸಾಲಾಗಿ ಕೂತು ಉಜ್ಜಿದರು, ಹಿಂದೆಯೇ ನಾನು ಒಣ ಬಟ್ಟೆ ಹಿಡಿದು ಒರೆಸುತ್ತ ಹೋದೆ.

ಕೂರುವ ಮೊದಲು ಎಲ್ಲರೂ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕುಣಿಯುವ ಮುಂಚೆ ಭೂಮಿಗೆ, ನಿನ್ನ ತುಳಿಯುತ್ತೇನೆ, ಮನ್ನಿಸು ಎಂದು ಕೇಳಿಕೊಳ್ಳುವುದಂತೆ.

"ಇವತ್ತು ತುಳಿಯಲ್ವಲ್ಲ, ಉಜ್ಜೋದು ತಾನೆ," ಎಂದೆ.

"ನೀವು ಸುಣ್ಣ ಹಾಕಿದ್ರಲ್ಲ ಅಂಕಲ್, ನಿಮ್ ಪರವಾಗಿ ಕೇಳಿದ್ವಿ," ಎಂದಳು ಹರಿತಾ. ಎಲ್ಲ ನಕ್ಕರು. ನನಗೆ ಇಪ್ಪತ್ತೈದು, ಅಂಕಲ್ ಅಂತೆ.

ಕಪ್ಪು ಪೂರ್ತಿ ಹೋಗಿಲ್ಲ. ಚಹಾ ಚೆಲ್ಲಿದ ಬಣ್ಣಕ್ಕೆ ಬಂದಿದೆ. ಹಾಲೆಲ್ಲ ನಿಂಬೆ ಘಮ. ನಾಲ್ಕು ಮೂಲೆಗೆ ನಾಲ್ಕು ಬೋಗುಣಿ ಸುಟ್ಟ ಸುಣ್ಣ ಇಟ್ಟು, ಯಾರೂ ಕೈ ಹಾಕದ ಹಾಗೆ ಮೇಲೆ ಕುಕ್ಕೆ ಮಗುಚಿದ್ದೇನೆ.

ಕಡ್ಡಿ ಒಂಬತ್ತು.

ಜುಲೈ 31, ಗುರುವಾರ

ಏಳು. ಎರಡು ಸಲ ಅಳೆದೆ. ಮೇಡಂ ಮಟ್ಟಗೋಲಿನ ಆ ತುದಿ ಹಿಡಿದುಕೊಂಡು, "ಸರಿಯಾಗಿ ಎಣಿಸಪ್ಪಾ, ನನ್ನ ಖುಷಿಗೆ ಒಂದು ಕಡ್ಡಿ ಬಿಡಬೇಡ," ಎಂದರು. ಏಳೇ.

ಆಗಸ್ಟ್ 8, ಶುಕ್ರವಾರ

ಈಗ ಹಾಲಿನೊಳಗೆ ಕಾಲಿಟ್ಟರೆ ತೇವ ಎಷ್ಟು ಎಂದು ಕುತ್ತಿಗೆಯ ಚರ್ಮಕ್ಕೇ ಗೊತ್ತಾಗುತ್ತದೆ. ಆಮೇಲೆ ಥರ್ಮಾಮೀಟರ್ ನೋಡಿದರೆ ಒಂದೆರಡರ ವ್ಯತ್ಯಾಸ. ಅಕ್ಕನಿಗೆ ಹೇಳಿದೆ. "ನಂಗೆ ಹತ್ತು ವರ್ಷದಿಂದ ಗೊತ್ತಾಗ್ತದೆ, ಯಾರಿಗೂ ಫೋನ್ ಮಾಡಿಲ್ಲ," ಎಂದಳು. ಈಗ ಅವಳಿಗೆ ದಿನಾ ಮಾಡುತ್ತೇನೆ. ನಾನು ಕಡ್ಡಿ ಹೇಳುತ್ತೇನೆ, ಅವಳು ಹುಳುವಿನ ಸಮಾಚಾರ ಹೇಳುತ್ತಾಳೆ. ಇವತ್ತು ಅವು ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿವೆ, ಗೂಡು ಕಟ್ಟಲು ಶುರು ಮಾಡಿವೆ.

ಮಧ್ಯಾಹ್ನದ ಹೊತ್ತು ಕೆಲಸವೇ ಇರುವುದಿಲ್ಲ. ಕಿಟಕಿ ತೆಗೆದು ಗೋಡೆಗೆ ಒರಗಿ ಕೂರುತ್ತೇನೆ. ಎರಡು, ಎರಡೂವರೆಗೆ ಗಾಳಿ ಒಣಗಿದಾಗ ಹಲಗೆಗಳು ಅಲ್ಲೊಂದು ಇಲ್ಲೊಂದು ಟಿಕ್ ಅನ್ನುತ್ತವೆ. ಅದನ್ನು ಕೇಳುತ್ತ ಕೂತರೆ ಐದು ಗಂಟೆ ಆಗಿದ್ದೇ ತಿಳಿಯುವುದಿಲ್ಲ.

ಕಡ್ಡಿ ಐದು.

ಆಗಸ್ಟ್ 16, ಶನಿವಾರ

ಮೂರು.

ನಿನ್ನೆ ಮುರಳಿ ಸಾರ್ ಫೋನು ಮಾಡಿದ್ದರು. ಇಪ್ಪತ್ತೆಂಟನೇ ತಾರೀಕಿನ ತಂಡಕ್ಕೆ ಪಾಸ್‌ಪೋರ್ಟಿನ ಫೋಟೋ ಕಳಿಸಬೇಕಂತೆ, ಸಾಯಂಕಾಲದೊಳಗೆ. ನಾಲ್ಕು ಗಂಟೆಯ ಅಳತೆ ನೋಡುವ ಹೊತ್ತು, ಆಮೇಲೆ ಮಾಡುತ್ತೇನೆ ಸಾರ್ ಎಂದೆ. ಅಷ್ಟರಲ್ಲಿ ಮೋಡ ಕವಿಯಿತು, ಹನ್ನೆರಡು ಕಿಟಕಿ ಮುಚ್ಚಲು ಓಡಿದೆ. ಕಳಿಸುವುದು ಮರೆತೇಹೋಯಿತು. ಈಗ ನೆನಪಾಯಿತು, ಹೊತ್ತು ಮೀರಿದೆ.

ಅಮ್ಮಾಜಮ್ಮ ತಾನಾಗಿಯೇ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಾಳೆ. ಇವತ್ತು ಒದ್ದೆ ಕಾಲಲ್ಲಿ ಒಳಗೆ ಬಂದ ನನಗೇ ಗದರಿದಳು.

ಆಗಸ್ಟ್ 25, ಸೋಮವಾರ

ನಾಳೆ ಗೌರಿ ಹಬ್ಬ. ಹನುಮಂತರಾಯಪ್ಪನವರು ಹತ್ತು ಗಂಟೆಗೆ ಬಂದರು, ಹಿಂದೆ ಎರ್ರಪ್ಪ. ಗೇಟಿನಾಚೆ ಗ್ರಾನೈಟ್ ತುಂಬಿದ ಟೆಂಪೋ ನಿಂತಿತ್ತು. ಕೆಲಸ ಬೇಗ ಆಗಲಿ ಎಂದು ಅವರು ತಂದೇ ಬಿಟ್ಟಿದ್ದರು.

ಅವರು ಕೇಳುವ ಮೊದಲೇ ನಾನು ಹೇಳಿದೆ. "ಪೂರ್ತಿ ಮಟ್ಟ ಆಗಿಲ್ಲ ಸಾರ್. ನಡುವೆ ಎಲ್ಲ ಕೂತಿದೆ. ಕಿಟಕಿ ಹತ್ತಿರ ಮಾತ್ರ ಒಂದು ಬೆಂಕಿಕಡ್ಡಿಯಷ್ಟು ಉಳಿದಿದೆ."

"ಮಟ್ಟ ಆಗ್ಬೇಕು ಅಂತ ಮಾತು."

"ಹೌದು ಸಾರ್. ಮೆಷಿನ್ ಇಲ್ಲೇ ಇದೆ. ಈಗ ಉಜ್ಜಿದ್ರೆ ಅರ್ಧ ಗಂಟೇಲಿ ಮಟ್ಟ. ಆದ್ರೆ ಮಾಗೀಲಿ ಅಲ್ಲಿ ಗುಂಡಿ ಬೀಳುತ್ತೆ. ಅದಕ್ಕೇ ಉಜ್ಜಿಲ್ಲ."

ಅವರು ಎರ್ರಪ್ಪನ ಕಡೆ ನೋಡಿದರು. ಎರ್ರಪ್ಪ ತನ್ನದೇ ಮಟ್ಟಗೋಲು ತಂದಿದ್ದ. ಹಾಲಿನ ಉದ್ದಕ್ಕೂ ಇಟ್ಟು ಇಟ್ಟು ನೋಡಿಕೊಂಡು ಹೋದ. ಕಿಟಕಿಯ ಹತ್ತಿರ ಬಗ್ಗಿ, ಸಂದಿಗೆ ಉಗುರು ತೂರಿಸಿ ನೋಡಿ ಎದ್ದ. "ಸಾಮೀ, ನಾನು ಹಾಸಿದ ಗ್ರಾನೈಟಲ್ಲೇ ಇದಕ್ಕಿಂತ ಜಾಸ್ತಿ ಏರುಪೇರು ಅದೆ. ನಿಮ್ಮನೆ ಪಡಸಾಲೇಲೇ ಅದೆ."

ಮೇಡಂ ಆಗ ಒಳಗೆ ಬಂದರು. ಸೀರೆ ಸೊಂಟಕ್ಕೆ ಸಿಕ್ಕಿಸಿ, ಗೆಜ್ಜೆ ಕಟ್ಟಿಕೊಂಡಿದ್ದರು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ನಿಂತು, ಬಲಗಾಲು ಹೊಡೆದರು. ಆಮೇಲೆ ಎಡಗಾಲು. ಆ ಸವೆದ ಮಂಡಿಯ ಕಾಲು. ಹಾಲಿನ ಈ ತುದಿಯಿಂದ ಆ ತುದಿಗೆ, ಕಿಟಕಿಯ ಹತ್ತಿರದ ಉಬ್ಬಿನ ಮೇಲೂ, ತಿರುಗಿ ಹಿಂದಕ್ಕೆ. ಹೆಜ್ಜೆ ಬಿದ್ದಲ್ಲೆಲ್ಲ ನೆಲ ಒಂದು ಎಳೆಯಷ್ಟು ಬಗ್ಗಿ ಅವರನ್ನು ಮೇಲೆತ್ತಿ ಕೊಡುತ್ತಿತ್ತು. ನಾನು ಅವರ ಕಾಲನ್ನು ನೋಡುತ್ತಿರಲಿಲ್ಲ, ಹಲಗೆ ನೋಡುತ್ತಿದ್ದೆ. ಒಂದೂ ಎದ್ದೇಳಲಿಲ್ಲ. ಅಣ್ಣನವರು ತಂಗಿಯ ಮಂಡಿಯನ್ನೇ ನೋಡುತ್ತ ನಿಂತಿದ್ದರು.

ನಿಂತಾಗ ಮೇಡಂಗೆ ಏದುಸಿರು. ಮುಖ ಮಾತ್ರ ಹುಡುಗಿಯದಾಗಿತ್ತು. "ನೋವಿಲ್ಲ ಅಣ್ಣಾ," ಎಂದರು.

ಹನುಮಂತರಾಯಪ್ಪನವರು ಬಾಗಿಲಿಗೆ ಹೋಗಿ ಟೆಂಪೋದವನಿಗೆ ಕೂಗಿದರು. "ಗಂಗುಲಪ್ಪಾ, ವಾಪಸ್ ಹೊಡ್ಕೊಂಡೋಗು." ಮತ್ತೆ ಒಳಗೆ ಬಂದು ನನ್ನ ಮುಂದೆ ನಿಂತರು.

"ಮಾಗೀಲಿ ಒಣಗುತ್ತೆ ಅಂದ್ಯಲ್ಲ. ಮತ್ತೆ ಸಂದು ಬಿಡಲ್ವಾ?"

"ಬಿಡುತ್ತೆ ಸಾರ್. ಬೆರಳು ಸಿಕ್ಕೋ ಅಷ್ಟಲ್ಲ. ಆಗ ತುಂಬಬಾರದು. ನೀರಿನ ಬೋಗುಣಿ ಇಡಬೇಕು, ಮಧ್ಯಾಹ್ನ ಕಿಟಕಿ ಮುಚ್ಚಬೇಕು. ಈಗ ಮಾಡಿದ್ದಕ್ಕೆ ಉಲ್ಟಾ."

"ಮುಂದಿನ ಮಳೆಗೆ?"

"ಮತ್ತೆ ಒಂಚೂರು ಹಿಗ್ಗುತ್ತೆ. ಗೋಡೆ ಪಕ್ಕ ಜಾಗ ಇದ್ರೆ ಏಳಲ್ಲ. ಜಾಗದ ಮೇಲೆ ಪಟ್ಟಿ ಹೊಡೀತೀನಿ, ಚೇಳು ಬರದ ಹಾಗೆ ಕೆಳಗೆ ತಂತಿಬಲೆ ಹಾಕ್ತೀನಿ."

"ಅಂದ್ರೆ ಇದು ಮುಗಿಯೋ ಕೆಲಸ ಅಲ್ಲ."

"ಅಲ್ಲ ಸಾರ್. ನೋಡ್ಕೊಂತ ಇರಬೇಕು."

"ಯಾರು ನೋಡ್ಕೊಳೋರು? ಜನವರೀಲಿ ನಾನು ಯಾರಿಗೆ ಫೋನ್ ಮಾಡ್ಲಿ?"

"ನಂಗೇ ಮಾಡಿ."

ಅವರು ಮೊಬೈಲು ತೆಗೆದು, ಕನ್ನಡಕ ಹಣೆಗೇರಿಸಿ, ಒಂದೊಂದೇ ಅಕ್ಷರ ಒತ್ತತೊಡಗಿದರು. ನಾಲ್ಕು ತಿಂಗಳು ಅಬ್ಬಾಯಿ ಎಂದೇ ಕರೆದಿದ್ದವರು. "ಹೆಸರೇನಂದೆ?"

"ಮಧುಕುಮಾರ್."

"ಆ ಹೆಸ್ರಿನೋರು ಮೂರು ಜನ ಅವ್ರೆ ಇದ್ರಲ್ಲಿ. ಊರು ಯಾವ್ದು ಅಂತ ಹಾಕ್ಲಿ?"

"ಚಿಂತಾಮಣಿ ಅಂತ್ಲೇ ಹಾಕಿ ಸಾರ್."

ಹಾಕಿಕೊಂಡರು. ಮೇಡಂ ಗೆಜ್ಜೆ ಬಿಚ್ಚುತ್ತ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು.

ಬೆಳಿಗ್ಗೆ ಬೇಗ ಏಳಬೇಕು. ಹಬ್ಬವೆಂದು ಅಮ್ಮಾಜಮ್ಮ ಹಲಗೆಯ ಮೇಲೆ ಹಸಿ ರಂಗೋಲಿ ಬಿಟ್ಟುಬಿಟ್ಟಾಳು. ಅವಳು ಬರುವ ಹೊತ್ತಿಗೆ ನಾನು ಬಾಗಿಲಲ್ಲಿರಬೇಕು.